ಹೊಗೆಯಿಲ್ಲದ ಕೆಂಡ

ಕೂಸು ಮಲಗಿದ ಕೂಡಲೇ ನಮ್ಮವ್ವ ಅದರ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದಳು. ಉಸಿರು ಬೆರಳಿಗೆ ತಾಗಿತೆಂದರೆ ‘ಹ್ಞಾಂ’ ಎಂದು ತನಗೆ ತಾನೇ ಹೇಳಿಕೊಂಡು ಅಡಿಗೆಮನೆಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ಬರುವಳು, ಮತ್ತೆ ಬೆರಳು. ನನ್ನ ಮಗಳು ಹುಟ್ಟಿದ ಮೊದಲ ದಿನಗಳು ಮೆಹದಿಪಟ್ಟಣಂನ ನಮ್ಮ ಫ್ಲ್ಯಾಟಿನಲ್ಲಿ ಹೀಗೇ ಕಳೆದವು. ನಾನು ಮಲಗಿದಲ್ಲಿಂದಲೇ ಇದನ್ನು ನೋಡುತ್ತ ನಗುತ್ತಿದ್ದೆ. ನಗುವ ಹಕ್ಕು ನನಗೇನೂ ಇರಲಿಲ್ಲ. ಅವ್ವ ಆ ಕಡೆ ಹೋದ ಮೇಲೆ ನಾನೂ ಬೆರಳು ಹಿಡಿದು ನೋಡುತ್ತಿದ್ದೆ.

ಅವ್ವನ ಹೆದರಿಕೆಗೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೊಂದು ಗಂಡು ಕೂಸು ಹುಟ್ಟಿತ್ತು. ಇನ್ನೂ ಬಾಣಂತಿ ಕೋಣೆಯಲ್ಲಿ ಇರುವಾಗಲೇ, ಚಳಿಗಾಲದ ಒಂದು ಬೆಳಗ್ಗೆ, ಮಲಗಿದ್ದು ಏಳಲಿಲ್ಲ. ಹಾಲು ನೆತ್ತಿಗೇರಿತು ಎಂದರಂತೆ ಕೆಲವರು, ದೃಷ್ಟಿಯಾಯಿತು ಎಂದರಂತೆ ಕೆಲವರು. ಅವ್ವ ಏನೂ ಅನ್ನಲಿಲ್ಲವಂತೆ. ಇಷ್ಟನ್ನೂ ನನಗೆ ಹೇಳಿದ್ದು ಅಜ್ಜಿ, ಅದೂ ಒಂದೇ ಸಲ. ಅವ್ವನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಮಾಡಿರಲಿಲ್ಲ.

ನನ್ನ ಹೆದರಿಕೆಗೆ ಕಾರಣ ನನ್ನ ಕೆಲಸ. ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಬಲ್ಲವರನ್ನು ಕೈಹಿಡಿದು ಕರೆದು ಕೆಲಸ ಕೊಡುತ್ತಿದ್ದ ಕಾಲ. ಮೈಸೂರಿನವನಾದ ನನ್ನ ಗಂಡ ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ಕೂತು ಯಾವುದೋ ದೇಶದ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ನಾನಿದ್ದದ್ದು ಹೊರದೇಶದ ಕಾರ್ಖಾನೆಗಳಿಗೆ ಲೆಕ್ಕ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ. ನಮ್ಮ ಕೋಣೆಯಲ್ಲಿ ನಡೆಯುತ್ತಿದ್ದದ್ದು ಮೂಗಿನ ಲೆಕ್ಕ.

ಒಬ್ಬ ಮನುಷ್ಯನ ತಲೆಯ ಸ್ಕ್ಯಾನ್ ತೆಗೆದುಕೊಂಡು, ಅದರ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಕಂಪ್ಯೂಟರಿನೊಳಗೆ ಅವನ ಮೂಗಿನ ಹಾದಿಯನ್ನು ಕಟ್ಟುತ್ತಿದ್ದೆವು. ಆ ಹಾದಿಯಲ್ಲಿ ಗಾಳಿ ಬಿಟ್ಟು, ಗಾಳಿಯಲ್ಲಿ ಕಾರ್ಖಾನೆಯವರು ಹೇಳಿದ ಒಂದು ಅನಿಲ ಬೆರೆಸಿ, ಅದರಲ್ಲಿ ಎಷ್ಟು ಮೂಗಿನಲ್ಲೇ ಉಳಿಯಿತು, ಎಷ್ಟು ಕೆಳಗಿಳಿಯಿತು ಎಂದು ನೋಡುವುದು. ಮೂಗಿನ ಒಳಗೋಡೆ ಯಾವಾಗಲೂ ಒದ್ದೆ. ನೀರಿನಲ್ಲಿ ಕರಗುವ ಅನಿಲವನ್ನು ಆ ಒದ್ದೆಯೇ ಹಿಡಿದುಕೊಳ್ಳುತ್ತದೆ. ಅಮೋನಿಯಾದಂಥದ್ದು ಮೂಗಿನ ಬಾಗಿಲು ದಾಟುವುದರೊಳಗೇ ಸಿಕ್ಕಿಬೀಳುತ್ತದೆ, ಅದಕ್ಕೇ ಮೂಗು ಉರಿಯುವುದು. ಮನೆಯ ಹೊಸ್ತಿಲಲ್ಲಿ ಕೂತು ಬಂದವರನ್ನೆಲ್ಲ ಯಾರು, ಎಲ್ಲಿಂದ ಎಂದು ವಿಚಾರಿಸುವ ಮುದುಕಿಯಿದ್ದ ಹಾಗೆ ಮೂಗು. ಹೆಚ್ಚು ಹೀರಿಕೊಂಡ ಜಾಗ ನಮ್ಮ ಪರದೆಯ ಮೇಲೆ ಕೆಂಪಾಗಿ ಕಾಣುತ್ತಿತ್ತು. ಯಾರದೋ ಮೂಗು ದಿನವಿಡೀ ನನ್ನ ಮುಂದೆ ಕೆಂಪಗೆ ಉರಿಯುತ್ತಿರುತ್ತಿತ್ತು.

ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಅವಳು ಹೇಳಿದ್ದು ಒಂದೇ ಮಾತು. “ಸಿಂಬಳದ ಲೆಕ್ಕಾ ಹಾಕಾಕ ಸಂಬಳ ಕೊಡ್ತಾರಂದ್ರ, ಅವರ ಹತ್ರ ರೊಕ್ಕ ಭಾಳ ಐತಿ ಬಿಡು.”

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಚಿಕ್ಕಂದಿನಿಂದಲೂ ಅಂಜುಬುರುಕಿ. ಅಂಥವಳಿಗೆ ಇಂಥ ಕೆಲಸ ಕೊಟ್ಟದ್ದು ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಬಸಿರಾದಾಗಿನಿಂದ ರಸ್ತೆಯಲ್ಲಿ ನಡೆಯುವಾಗಲೂ ಯಾವ ವಾಸನೆ ಎಲ್ಲಿ ಅಂಟುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ನಮ್ಮ ಮನೆಯ ಹತ್ತಿರವೇ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದವು. ಸಿಮೆಂಟಿನ ಧೂಳು, ಕುದಿಯುವ ಡಾಂಬರು, ಬಸ್ಸುಗಳ ಡೀಸೆಲ್, ಕರೆಂಟು ಹೋದಾಗ ಅಂಗಡಿಗಳ ಜನರೇಟರು. ಹಸುಗೂಸುಗಳು ಹೆಚ್ಚುಕಡಿಮೆ ಮೂಗಿನಿಂದಲೇ ಉಸಿರಾಡುತ್ತವೆ, ದೊಡ್ಡವರ ಹಾಗೆ ಬಾಯಿ ತೆರೆದು ಸುಧಾರಿಸಿಕೊಳ್ಳಲು ಅವಕ್ಕೆ ಬರುವುದಿಲ್ಲ. ನನ್ನ ಮಗಳ ಮೂಗಿನ ಹೊಳ್ಳೆಗಳೋ ಜೋಳದ ಕಾಳಿನಷ್ಟು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನಾನು ಕೋಣೆಯ ಜಾರುಕಿಟಕಿಗಳನ್ನು ಎಳೆದು, ಸಂದಿಗಳಿಗೆಲ್ಲ ಗಂಡನ ಕೈಯಿಂದ ಅಂಟುಪಟ್ಟಿ ಹಚ್ಚಿಸಿದೆ. ಬಾಗಿಲ ಕೆಳಗೆ ಹಳೆಯ ಸೀರೆಯ ಸುರುಳಿ ಇಡಿಸಿದೆ. “ಒಂದು ಸೊಳ್ಳೇನೂ ಒಳಗೆ ಬರಲ್ಲ, ನೋಡು” ಎಂದು ಅವನೂ ಹೆಮ್ಮೆಪಟ್ಟುಕೊಂಡ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿಯ ಪದ್ಧತಿ. ಊರಲ್ಲಿ ಒಳ್ಳೆಯ ಆಸ್ಪತ್ರೆಯಿಲ್ಲ ಎಂದು ಹೆದರಿ ನಾನು ಹೋಗಲಿಲ್ಲ. ಹಾಗಾಗಿ ತವರೇ ಗಂಟು ಕಟ್ಟಿಕೊಂಡು ರಾಯಚೂರಿನ ರೈಲು ಹತ್ತಿ ಕಾಚಿಗೂಡದಲ್ಲಿ ಬಂದಿಳಿಯಿತು. ಅವ್ವನ ಜೊತೆ ಅಂಟಿನುಂಡೆಯ ಡಬ್ಬಿ, ಹಳೆಯ ಸೀರೆಗಳ ಮೆತ್ತನೆಯ ಕೌದಿ, ಒಂದು ಚೀಲ ಇದ್ದಿಲು, ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಶೇಗಡಿ. ಆ ಶೇಗಡಿಯಲ್ಲಿ ಕೆಂಡ ತುಂಬಿ ಬಾಣಂತಿಯ ಹೊರಸಿನ ಕೆಳಗಿಡುವುದು, ತಾಯಿ ಮಗು ಇಬ್ಬರ ಬೆನ್ನಿಗೂ ಕಾವು ಕೊಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಹುಟ್ಟಿದಾಗ ಅವ್ವ ಕಾಯಿಸಿಕೊಂಡದ್ದೂ ಅದೇ ಶೇಗಡಿಯಿಂದ. ಹೊರಸು ಮಾತ್ರ ರೈಲಿನಲ್ಲಿ ತರಲಾಗಲಿಲ್ಲ. ಅಳಿಯನ ಬೆನ್ನು ಹತ್ತಿ, ಗುಡಿಮಲ್ಕಾಪುರದ ಕಡೆಯಿಂದ ಒಂದು ನವಾರಿನ ಮಂಚ ತರಿಸಿಕೊಂಡಳು.

ಮೊದಲ ದಿನ ಎರೆದ ಮೇಲೆ ಅವ್ವ ಶೇಗಡಿ ಹೊತ್ತಿಸಿ ಮೇಲೆ ಲೋಬಾನ ಉದುರಿಸಿದಳು. ಕೋಣೆಯ ತುಂಬ ಬಿಳಿ ಹೊಗೆ ಎದ್ದಿತು. ಕೂಸು ಸೀನಿತು. ನನ್ನ ಕಣ್ಣಿಗೆ ಅದರ ಪುಟ್ಟ ಮೂಗಿನ ಹಾದಿ ಒಳಗಿಂದ ಕೆಂಪಾಗುವುದು ಕಂಡೇಬಿಟ್ಟಿತು.

“ಅವ್ವಾ, ತೆಗಿ ಅದನ್ನ. ಕೂಸಿನ ಮೂಗು ಸುಡತೈತಿ.”

“ಹೊಗಿ ಹಾಕಲಿಲ್ಲಂದ್ರ ತಲಿಯಾಗ ನೀರು ನಿಂತು ಥಂಡಿ ಆಕ್ಕೈತಿ. ನಿನಗ ಹಾಕಲಿಲ್ಲೇನು? ನೀ ಸತ್ತಿಯೇನು?”

ಆಡಿದ ಕೂಡಲೇ ಅವ್ವನ ಮುಖ ಸಣ್ಣದಾಯಿತು. ಮುಂದೆ ವಾದಿಸದೆ ಶೇಗಡಿಯನ್ನು ಬಾಲ್ಕನಿಗೆ ಒಯ್ದಳು.

ಮರುದಿನ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಒಪ್ಪಂದವಾಯಿತು. ಲೋಬಾನ ಬೇಡ, ಸಗಣಿಯ ಕುಳ್ಳು ಬೇಡ, ಹಸಿ ಕಟ್ಟಿಗೆ ಬೇಡ. ಬರೀ ಇದ್ದಿಲು. ಅದನ್ನೂ ಬಾಲ್ಕನಿಯಲ್ಲಿಟ್ಟು ಬೀಸಣಿಗೆಯಿಂದ ಬೀಸಿ, ಹೊಗೆ ಪೂರ್ತಿ ಹೋಗಿ ನಿಗಿನಿಗಿ ಕೆಂಡವಾದ ಮೇಲೆ ಮಾತ್ರ ಒಳಗೆ ತರಬೇಕು. ಈ ನಿಯಮ ಮಾಡಿದವಳು ನಾನು. ಅವ್ವ ಚಾಚೂ ತಪ್ಪದೆ ನಡೆಸಿದಳು. ಶೇಗಡಿ ಒಳಗೆ ತಂದಾಗ ನಾನು ಬಗ್ಗಿ ಮೂಸಿ ನೋಡುತ್ತಿದ್ದೆ. ವಾಸನೆಯಿಲ್ಲ, ಘಾಟಿಲ್ಲ, ಕಣ್ಣುರಿಯಿಲ್ಲ. ಮೂಗಿಗೆ ಏನೂ ತಾಗುತ್ತಿಲ್ಲ ಎಂದರೆ ಮೂಗಿಗೆ ಏನೂ ಅಪಾಯವಿಲ್ಲ. ಅಷ್ಟು ವರ್ಷದ ವಿದ್ಯೆ ನನ್ನ ಬಾಯಲ್ಲಿ ಇಷ್ಟಾಗಿ ಹೊರಬಂತು. ಬಾಗಿಲು ಮುಂದೆ ಮಾಡಿಕೊಂಡು, ಸೀರೆಯ ಸುರುಳಿ ಸರಿಸಿಟ್ಟು, ಮೂವರೂ ಬೆಚ್ಚಗೆ ಮಲಗುತ್ತಿದ್ದೆವು.

ಅದಾದ ಮೇಲೆ ಮನೆಯಲ್ಲಿ ಒಂದು ಬಗೆಯ ಶಾಂತಿ ಬಂತು. ಹೊತ್ತಿಲ್ಲದ ಹೊತ್ತಿನಲ್ಲಿ ಕಿರುಚುತ್ತಿದ್ದ ಕೂಸು ಮಧ್ಯಾಹ್ನ ಪೂರ್ತಿ ಮಲಗತೊಡಗಿತು. ಕೆನ್ನೆಗೂ ಬಣ್ಣ ಬಂದಿತ್ತು. ಅವ್ವ ನೆಟಿಗೆ ಮುರಿದು, “ಕಾವು ಮೈಗೆ ಹಿಡದೈತಿ” ಎನ್ನುತ್ತಿದ್ದಳು. ನನಗೆ ಮಾತ್ರ ಮಧ್ಯಾಹ್ನವಾದರೆ ತಲೆನೋವು, ಎದ್ದರೆ ಕಣ್ಣಿಗೆ ಕತ್ತಲೆ. ಬಾಣಂತಿ ಮೈ, ರಕ್ತ ಕಡಿಮೆ ಎಂದುಕೊಂಡೆ. ಅವ್ವನೂ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ರೈಲಿನ ದಣಿವು ಇನ್ನೂ ಹೋಗಿಲ್ಲ ಎನ್ನುವುದು ಅವಳ ಲೆಕ್ಕ. ಸಂಜೆ ಬಾಗಿಲು ತೆರೆದು ಅಡಿಗೆಮನೆಗೆ ಹೋಗಿ ಚಹಾ ಕುಡಿದರೆ ತಲೆನೋವು ಹೋಗುತ್ತಿತ್ತು. ಹಾಗಾಗಿ ಪುಣ್ಯವನ್ನೆಲ್ಲ ಚಹಾಕ್ಕೆ ಕೊಟ್ಟೆವು.

ಒಂದು ದಿನ ಚಳಿ ಹೆಚ್ಚಿತ್ತು. ಅವ್ವ ಶೇಗಡಿಗೆ ಒಂದು ಹಿಡಿ ಹೆಚ್ಚೇ ಕೆಂಡ ಹಾಕಿ ತಂದಿದ್ದಳು. ಕೂಸು ನನ್ನ ಪಕ್ಕದಲ್ಲಿತ್ತು. ಅವ್ವ ಕೆಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ದಿಂಬಿನ ಹತ್ತಿರವಿದ್ದ ಫೋನು ಬಡಿದುಕೊಂಡಿತು. ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಗೆಳತಿ. ವಿಜಯವಾಡದ ಕಡೆಯವಳು, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದಳು.

ಕೂಸು ಹೇಗಿದೆ ಎಂದು ಕೇಳಿದಳು. ಚೆನ್ನಾಗಿ ಮಲಗುತ್ತದೆ ಎಂದೆ. ಅದೃಷ್ಟವಂತೆ ನೀನು ಎಂದಳು. ಆಮೇಲೆ ಕೆಲಸದ ಮಾತು ತೆಗೆದಳು. ಕಾರ್ಖಾನೆಯವರಿಗೆ ಕಳಿಸಬೇಕಾದ ಪಟ್ಟಿಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಸಾಲೊಂದು ಉಳಿದುಕೊಂಡಿದೆ, ಮೂಗಿನ ಹೀರಿಕೆ ಎಂಬಲ್ಲಿ ಸೊನ್ನೆ ಇದೆ, ಇಟ್ಟುಕೊಳ್ಳಲೋ ತೆಗೆಯಲೋ?

“ತೆಗೆದುಬಿಡು” ಎಂದೆ. ನಾಲಿಗೆ ಯಾಕೋ ದಪ್ಪಗಾಗಿತ್ತು. “ಅದಕ್ಕೂ ಮೂಗಿಗೂ ಸಂಬಂಧವಿಲ್ಲ. ಅದು ಒದ್ದೆಯಲ್ಲಿ ಕರಗುವುದಿಲ್ಲ. ವಾಸನೆಯಿಲ್ಲ, ಉರಿಯಿಲ್ಲ, ಮೂಗಿಗೆ ಗೊತ್ತೇ ಆಗುವುದಿಲ್ಲ. ನೇರ ಕೆಳಗೆ...”

ಮಾತು ಅಲ್ಲಿಗೇ ನಿಂತಿತು. ನನ್ನ ಧ್ವನಿ ನನಗೇ ಕೇಳಿಸಿತು. ವಾಸನೆಯಿಲ್ಲ, ಉರಿಯಿಲ್ಲ. ದಿನವೂ ಶೇಗಡಿಯ ಮೇಲೆ ಬಗ್ಗಿ ನಾನು ಆಡುತ್ತಿದ್ದ ಮಾತೇ ಅದು. ಮಂಚದಂಚಿನಿಂದ ಕೆಳಗೆ ನೋಡಿದೆ. ಕೆಂಡ ನಿಗಿನಿಗಿ ಹೊಳೆಯುತ್ತಿತ್ತು. ಕಿಟಕಿಯ ಸಂದಿಯ ತುಂಬ ಅಂಟುಪಟ್ಟಿ.

ಗೆಳತಿ ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದಳು. ಫೋನು ಎಲ್ಲಿ ಬಿತ್ತೋ. ಎದ್ದು ನಿಂತರೆ ಕಾಲು ನನ್ನವಲ್ಲ ಎನ್ನುವ ಹಾಗಿದ್ದವು. ಕೂಸಿನ ಮೂಗಿನ ಕೆಳಗೆ ಬೆರಳಿಟ್ಟೆ. ಬೆರಳು ಜೋಮು ಹಿಡಿದಿತ್ತು, ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಹಾಗೆ ಹೆದರಿದ್ದು ಬದುಕಿನಲ್ಲಿ ಅದೊಂದೇ ಸಲ. ಅದಕ್ಕೆ ಮೊದಲು ಪಟ್ಟದ್ದೆಲ್ಲ ಹೆದರಿಕೆಯ ಆಟ.

“ಅವ್ವಾ, ಏಳು. ಕೂಸು.”

ಅವ್ವ ಕಣ್ಣು ತೆರೆದಳು, ಗೋಡೆ ಹಿಡಿದು ಎದ್ದಳು, ತೂರಾಡುತ್ತ ಬಂದು ತನ್ನ ಬೆರಳನ್ನು ಕೂಸಿನ ಮೂಗಿನ ಕೆಳಗೆ ಹಿಡಿದಳು. ನಾನು ಅವಳ ಮುಖ ನೋಡುತ್ತ ನಿಂತೆ. ಅವಳು ‘ಹ್ಞಾಂ’ ಎನ್ನಲಿಲ್ಲ. ಬೆರಳನ್ನು ಇನ್ನೂ ಹತ್ತಿರ ಒಯ್ದಳು. ಆಗಲೂ ಅನ್ನಲಿಲ್ಲ.

ಕೂಸನ್ನು ಬಾಚಿಕೊಂಡು ಸೀರೆಯ ಸುರುಳಿಯನ್ನು ಕಾಲಿನಿಂದ ಒದ್ದು, ಬಾಗಿಲು ತೆರೆದು, ಹಾಲ್ ದಾಟಿ ಬಾಲ್ಕನಿಗೆ ಬಂದೆ. ಬಾಣಂತಿ ಗಾಳಿಗೆ ಹೋಗಬಾರದು ಎಂದು ಬಚ್ಚಲಿಗೆ ಹೋಗುವಾಗಲೂ ನನ್ನ ಕಿವಿಗೆ ಹತ್ತಿ ತುರುಕುತ್ತಿದ್ದ ಅವ್ವ ಒಂದು ಮಾತೂ ಆಡದೆ ಹಿಂದೆ ಬಂದಳು. ಕೆಳಗೆ ಬಸ್ಸುಗಳು ಹೊಗೆ ಕಾರುತ್ತಿದ್ದವು, ಮೇಲ್ಸೇತುವೆಯ ಕಡೆಯಿಂದ ಧೂಳು ಏಳುತ್ತಿತ್ತು. ಆ ಗಾಳಿಗೆ ಕೂಸಿನ ಮುಖ ಒಡ್ಡಿ, ಅಂಗಾಲು ತಿಕ್ಕುತ್ತ, ಒಂದೇ ಸಮನೆ ಅದನ್ನು ಕರೆದೆ. ಹೆಸರಿಡುವುದು ಇನ್ನೂ ಆಗಿರಲಿಲ್ಲ. ಏನೆಂದು ಕರೆದೆನೋ ನೆನಪಿಲ್ಲ. ಕೂಸಿನ ತಲೆ ನನ್ನ ಅಂಗೈಯಲ್ಲಿ ಆ ಕಡೆ ಈ ಕಡೆ ಹೊರಳುತ್ತಿತ್ತು, ಅಷ್ಟೆ.

ನಮ್ಮ ಗದ್ದಲ ಕೇಳಿ ಎದುರು ಮನೆಯ ಹೆಂಗಸು, ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರು, ಬಂದರು. ಏನೆಂದು ಕೇಳಲಿಲ್ಲ, ಕೆಳಗೆ ಓಡಿ ಆಟೋ ನಿಲ್ಲಿಸಿದರು. ಆಟೋದಲ್ಲಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಯಾವ ತಿರುವಿನಲ್ಲೋ ಕೂಸು ಒಮ್ಮೆ ಮುಖ ಕಿವುಚಿತು. ಆಮೇಲೆ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತು.

“ರೋರಾ ನಾ ಬಚ್ಚಾ, ಬಸ್ ಅಮ್ಮಾ, ರೋನೇ ದೋ” ಎಂದರು ಖಾಲಾ. ಅಳುತ್ತಿದೆಯಲ್ಲ, ಅಳಲಿ ಬಿಡಿ ಎಂದು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಆಸ್ಪತ್ರೆಯಲ್ಲಿ ಕೂಸಿಗೆ ಆಮ್ಲಜನಕ ಕೊಟ್ಟರು, ರಕ್ತ ತೆಗೆದರು. ನಮ್ಮಿಬ್ಬರಿಗೂ ಆಮ್ಲಜನಕದ ಮಾಸ್ಕ್ ಹಾಕಿ ಕೂರಿಸಿದರು. ಡಾಕ್ಟರು ಕೋಣೆಯಲ್ಲಿ ಇದ್ದಿಲು ಇಟ್ಟಿದ್ದಿರಾ ಎಂದು ತಾವೇ ಕೇಳಿದರು. ಚಳಿಗಾಲದಲ್ಲಿ ಇಂಥವರು ಬರುತ್ತಾರೆ, ಇನ್ನು ಸ್ವಲ್ಪ ತಡವಾಗಿದ್ದರೆ ಎಂದವರು ಮಾತು ಮುಗಿಸಲಿಲ್ಲ. ಕೂಸು ಉಳಿಯಿತು. ಎರಡು ದಿನ ನೋಡಿ, ಹಾಲು ಕುಡಿಯುವುದನ್ನೂ ಕೈಕಾಲು ಆಡಿಸುವುದನ್ನೂ ಪರೀಕ್ಷಿಸಿ ಮನೆಗೆ ಕಳಿಸಿದರು.

ಮಾಧಾಪುರದಿಂದ ಓಡಿಬಂದ ಗಂಡನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಅದು ಕೋಣೆಯ ಗಾಳಿಯನ್ನೇ ವಿಷ ಮಾಡುತ್ತದೆ, ಹೊಗೆ ಇರಬೇಕೆಂದೇನಿಲ್ಲ, ಮೂಗಿಗೆ ಸುಳಿವೂ ಹತ್ತುವುದಿಲ್ಲ, ಮಲಗಿದವರು ಮಲಗಿಯೇ ಇರುತ್ತಾರೆ.

“ಇದೆಲ್ಲ ನಿನಗೆ ಗೊತ್ತಿರೋದೇ ಅಲ್ವಾ?” ಎಂದ ಅವನು. ಚುಚ್ಚಲು ಹೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಗೊತ್ತಿತ್ತು. ನಮ್ಮ ಪಟ್ಟಿಯಲ್ಲಿ ಸೊನ್ನೆ ಎಂದರೆ ಮೂಗಿಗೆ ಕೆಲಸವಿಲ್ಲ ಎಂದರ್ಥ, ಮನುಷ್ಯನಿಗೆ ಭಯವಿಲ್ಲ ಎಂದಲ್ಲ. ಆ ಸಾಲನ್ನು ದಾಟಿ ದಾಟಿ ನನ್ನ ತಲೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು. ಹೊಸ್ತಿಲ ಮುದುಕಿ ಸುಮ್ಮನಿದ್ದಾಳೆಂದರೆ ಯಾರೂ ಬಂದಿಲ್ಲ ಎಂದೇ ನಂಬಿದ್ದೆ. ಹೊಗೆಯಿದ್ದಿದ್ದರೆ ಕೆಮ್ಮಿಯಾದರೂ ಎದ್ದು ಬಾಗಿಲು ತೆರೆಯುತ್ತಿದ್ದೆವು.

ನಾನು ಹೇಳುತ್ತಿದ್ದುದನ್ನೆಲ್ಲ ಬೆಂಚಿನ ತುದಿಯಲ್ಲಿ ಕೂತಿದ್ದ ಅವ್ವ ಕೇಳುತ್ತಿದ್ದಳು. ಅದು ನನ್ನ ಗಮನಕ್ಕೆ ಬರಲಿಲ್ಲ.

ಮನೆಗೆ ಬಂದ ಮೇಲೆ ಕಿಟಕಿಗಳ ಅಂಟುಪಟ್ಟಿ ಕಿತ್ತೆವು. ಧೂಳು ಬಂತು, ಬಸ್ಸಿನ ಸದ್ದು ಬಂತು, ಬರಲಿ ಎಂದು ಬಿಟ್ಟೆ. ಅವ್ವ ಶೇಗಡಿಯ ಬೂದಿ ಚೆಲ್ಲಿ, ತೊಳೆದು, ಮತ್ತೆ ಗೋಣಿಯಲ್ಲಿ ಸುತ್ತಿ ಬಾಲ್ಕನಿಯ ಮೂಲೆಗಿಟ್ಟಳು. ಮಾತು ಕಡಿಮೆ ಮಾಡಿದ್ದಳು. ನನ್ನ ಮೇಲೆ ಸಿಟ್ಟಿರಬೇಕು, ಇಲ್ಲವೇ ಶೇಗಡಿ ತಂದ ತಪ್ಪು ತನ್ನದೆಂದು ಕೊರಗುತ್ತಿರಬೇಕು ಎಂದುಕೊಂಡೆ. ಎರಡೂ ಅಲ್ಲ.

ಒಂದು ಮಧ್ಯಾಹ್ನ ಬಿಸಿಲಿಗೆ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ತಲೆ ಎತ್ತದೆ ಕೇಳಿದಳು.

“ತಂಗಿ, ನೀ ಅವತ್ತ ದವಾಖಾನ್ಯಾಗ ಹೇಳಿದ್ದಿಯಲ್ಲಾ, ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ಮಲಗಿದವರು ಮಲಗೇ ಇರ್ತಾರ ಅಂತ.”

“ಹೂಂ ಅವ್ವಾ.”

“ನಮ್ಮ ಬಾಣಂತಿ ಖೋಲಿಗೆ ಕಿಟಕಿ ಇರಲಿಲ್ಲ. ಮ್ಯಾಲ ಒಂದು ಬೆಳಕಿಂಡಿ ಇತ್ತು. ಆ ವರ್ಷ ಥಂಡಿ ಭಾಳ ಬಿದ್ದಿತ್ತು. ಕೂಸಿಗೆ ಗಾಳಿ ಬಡೀತೈತಿ ಅಂತ ನಾನಽ ಹೇಳಿ ಅದಕ್ಕ ಗೋಣಿಚೀಲ ತುರುಕಿಸಿದ್ದೆ.” ಕೂಸಿನ ಎದೆಗೆ ಇನ್ನೊಂದಿಷ್ಟು ಎಣ್ಣೆ ಸವರಿದಳು. “ನಿನ್ನ ಸಲ ಬೆಳಕಿಂಡಿ ತಗದಽ ಇತ್ತು.”

ಅವಳ ಕೈ ಕೂಸಿನ ಎದೆಯ ಮೇಲೆ ನಿಂತಿತ್ತು. ಇಷ್ಟು ವರ್ಷ ಅವಳು ಬೆರಳು ಹಿಡಿದು ಹುಡುಕುತ್ತಿದ್ದದ್ದು ಆ ಗಂಡು ಕೂಸು ಯಾಕೆ ಏಳಲಿಲ್ಲ ಎಂಬುದನ್ನೇ ಎಂದು ಆಗ ತಿಳಿಯಿತು. ಏನು ಹೇಳಿದರೂ ಅದು ಅವಳ ಜೀವಮಾನದ ಮಾತಾಗಿಬಿಡುತ್ತಿತ್ತು.

“ಅಲ್ಲಿ ಹಂಗ ಆಗೂದಿಲ್ಲವ್ವಾ” ಎಂದೆ. “ಮಣ್ಣಿನ ಮನಿ, ಹಲಗಿ ಬಾಗಲಾ. ಎಷ್ಟು ಸಂದಿ ಇರ್ತಾವು. ಗಾಳಿ ಆಡಿಕೋತ ಇರತೈತಿ. ಇಲ್ಲಿ ಪಟ್ಟಿ ಹಚ್ಚಿದ್ದಕ್ಕ ಹಿಂಗಾತು.”

“ಲೆಕ್ಕಾ ಮಾಡಿ ಹೇಳಾಕತ್ತಿಯೇನು?”

“ಹೌದವ್ವಾ. ಲೆಕ್ಕಾ ಮಾಡೀನಿ.”

ಅವ್ವ ತಲೆಯಾಡಿಸಿದಳು. ಮತ್ತೆ ಎಣ್ಣೆ ಹಚ್ಚತೊಡಗಿದಳು. ಕೂಸು ಮಲಗಿದ ಮೇಲೆ ಎಂದಿನಂತೆ ಮೂಗಿನ ಕೆಳಗೆ ಬೆರಳು ಹಿಡಿದು ‘ಹ್ಞಾಂ’ ಎಂದಳು.

ನಾನು ಲೆಕ್ಕ ಮಾಡಿರಲಿಲ್ಲ. ಮಾಡಲು ಬರುತ್ತದೆ. ಊರ ಮನೆಯ ಆ ಕೋಣೆಯ ಉದ್ದಗಲ ಗೊತ್ತು, ಶೇಗಡಿಯಲ್ಲಿ ಎಷ್ಟು ಕೆಂಡ ಹಿಡಿಯುತ್ತದೆ ಗೊತ್ತು, ಬಾಗಿಲ ಸಂದಿಯನ್ನು ಊರಿಗೆ ಹೋದಾಗಲೆಲ್ಲ ನೋಡುತ್ತೇನೆ. ಊಟದ ವಿರಾಮದಲ್ಲಿ ಮುಗಿಸಬಹುದಾದ ಸಣ್ಣ ಲೆಕ್ಕ ಅದು. ಇಂದಿಗೂ ಮಾಡಿಲ್ಲ, ಮಾಡಲು ನನಗೆ ಹೆದರಿಕೆ. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವ್ವನಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ. ಆದರೂ ಚಳಿಗಾಲ ಬಂತೆಂದರೆ ಫೋನಿನಲ್ಲಿ ಅದೂ ಇದೂ ಮಾತಾಡಿ, ಇಡುವ ಮುಂಚೆ ಒಮ್ಮೆ ಕೇಳುತ್ತಾಳೆ.

“ಅವತ್ತ ನೀ ಖರೇನಽ ಲೆಕ್ಕಾ ಮಾಡಿದ್ದಿಯಲ್ಲಾ?”

“ಮಾಡಿದ್ದೆ ಅವ್ವಾ” ಎಂದು ಗಟ್ಟಿಯಾಗಿ ಹೇಳುತ್ತೇನೆ.